ಅಕ್ಕನ ಫ್ರಿಜ್ಜಿನಲ್ಲಿ ಆರು ಡಬ್ಬಿ

ಮಾರ್ಚ್ 7, ಶನಿವಾರ, ಮಧ್ಯಾಹ್ನ 3

ಗಂಬೂಟು ಎರಡು ಸಲ ತೊಳೆದರೂ ವಾಸನೆ ಹೋಗಿಲ್ಲ. ಹಂದಿ ಫಾರ್ಮಿನ ಪೋಸ್ಟಿಂಗ್ ಮುಗಿಯಿತು. ಆರು ಕೊಟ್ಟಿಗೆ, ನೆಲದಿಂದ ಕೆರೆದು ತುಂಬಿದ ಆರು ಡಬ್ಬಿ ಫೀಕಲ್ ಸ್ಯಾಂಪಲ್. ಬಸ್ ಲೇಟು, ವೆಟರ್ನರಿ ಕಾಲೇಜಿಗೆ ಬಂದಾಗ ಲ್ಯಾಬಿಗೆ ಬೀಗ. ಕೋಲ್ಡ್ ಆಗಿಯೇ ಇರಬೇಕು ಅಂತ ಮ್ಯಾಮ್ ಹತ್ತು ಸಲ ಹೇಳಿದ್ದರು. ಹಾಸ್ಟೆಲ್‌ನಲ್ಲಿ ಫ್ರಿಜ್ ಇಲ್ಲ.

ಅಕ್ಕನ ಮನೆ ಎರಡೇ ಸ್ಟಾಪು. ಏಳು ತಿಂಗಳ ಬಸುರಿ, ಮಲಗಿದ್ದಳು. ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ, ಸೌತೆಕಾಯಿಗಿಂತ ಮೇಲಿನ ಶೆಲ್ಫಿನಲ್ಲಿಟ್ಟೆ. ಹೇಳಲಿಲ್ಲ. ಹೇಳಿದರೆ ಬೈತಾಳೆ. Monday ಬೆಳಗ್ಗೆ ಎತ್ತಿಕೊಂಡರಾಯಿತು...

ಮಾರ್ಚ್ 9

ಲ್ಯಾಬಿಗೆ ಕೊಟ್ಟೆ. ನಾಲ್ಕನೇ ಡಬ್ಬಿಯ ಮುಚ್ಚಳ ಸಡಿಲ. ಕವರೂ ಒದ್ದೆ. ಶೆಲ್ಫ್ ಒರೆಸಿದ್ದೆ, ಟಿಶ್ಯೂನಲ್ಲಿ. ನಿನ್ನೆ ಊಟಕ್ಕೆ ಅಕ್ಕನ ಮನೆಯಲ್ಲೇ ಇದ್ದೆ, ಇಬ್ಬರೂ ಅದೇ ಸೌತೆಕಾಯಿ ತಿಂದೆವು. ತೊಳೆದಿದ್ದೆ. ನೆನಪಿರುವ ಮಟ್ಟಿಗೆ.

ಮಾರ್ಚ್ 19

ರಿಸಲ್ಟ್. ನಾಲ್ಕನೇ ಕೊಟ್ಟಿಗೆ ಪಾಸಿಟಿವ್, ಹೆಪಟೈಟಿಸ್ ಇ. ಕ್ಲಾಸೆಲ್ಲ ಖುಷಿ, ಏನೋ ಕಂಡುಹಿಡಿದವರ ಹಾಗೆ. ಫಾರ್ಮಿನವನು ಫೋನಿನಲ್ಲಿ ನಕ್ಕನಂತೆ: "ನನ್ನ ಹಂದಿಗೆ ಕಾಯಿಲೆನಾ? ನನಗಿಂತ ಚೆನ್ನಾಗಿ ತಿಂತಾವಲ್ರೀ."

ಅದೇ ತೊಂದರೆ, ಅಂದರು ಮ್ಯಾಮ್. ಹಂದಿಗೆ ಏನೂ ಆಗೋದಿಲ್ಲ. ಅದರ ಹೊಟ್ಟೆಯಿಂದ ಹೊರಗೆ ಬಿದ್ದದ್ದು ನಮ್ಮ ಬಾಯಿಗೆ ಹೋದರೆ ಲಿವರ್ ಹಿಡಿಯುತ್ತೆ. ಕಾಣಿಸಿಕೊಳ್ಳೋಕೆ ಎರಡರಿಂದ ಎಂಟು ವಾರ. ಹೆಚ್ಚಿನವರಿಗೆ ತಾನಾಗೇ ಹೋಗುತ್ತೆ. ಬಸುರಿಯರಿಗೆ...

ನೋಟ್ಸ್ ಅಲ್ಲಿಗೇ ನಿಂತಿದೆ.

ಮಾರ್ಚ್ 20

ಅಕ್ಕನಿಗೆ ಫೋನ್. ಮಗು ಒದೆಯುತ್ತಂತೆ. "ಸುಸ್ತಾ?" ಅಂತ ಮೂರು ಸಲ ಕೇಳಿದೆ.

"ಏಳು ತಿಂಗಳು ಹೊತ್ತು ನೋಡೇ, ಆಮೇಲೆ ಕೇಳು."

ಹೇಳಲಿಲ್ಲ.

ಮಾರ್ಚ್ 23

ಮ್ಯಾಮ್‌ಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಅದೇ ಭಯ ಜಾಸ್ತಿ ಮಾಡಿತು.

"ಅಕ್ಕಂಗೆ ಹೇಳಿದ್ಯಾ?"

"ಇಲ್ಲ ಮ್ಯಾಮ್."

"ನನಗೆ ಹೇಳಿ ಏನಮ್ಮ ಪ್ರಯೋಜನ? ನಾನು ಬಸುರಿ ಅಲ್ಲ." ಆಮೇಲೆ ಮೆತ್ತಗೆ, "ಹಂದಿಯಿಂದ ಬರೋ ಬಗೆ ಸಾಮಾನ್ಯವಾಗಿ ಅಷ್ಟು ಜೋರಿರಲ್ಲ. ಆದ್ರೂ ಅವಳ ಡಾಕ್ಟರಿಗೆ ಗೊತ್ತಾಗಬೇಕು. ನಾಳೇನೇ."

ಮಾರ್ಚ್ 24, ಸಂಜೆ

ಅಕ್ಕ ಬಟಾಣಿ ಬಿಡಿಸುತ್ತಿದ್ದಳು. ನಿಂತಲ್ಲೇ ಎಲ್ಲ ಒದರಿದೆ — exposure, incubation, cross-contamination. ಭಯವಾದರೆ ನನಗೆ ಇಂಗ್ಲಿಷೇ ಬರುವುದು.

"ಗುಬ್ಬಿ, ಕನ್ನಡದಲ್ಲಿ ಹೇಳು."

"ನಿನ್ನ ಫ್ರಿಜ್ಜಿನಲ್ಲಿ ಹಂದಿ ಹೇಲು ಇಟ್ಟಿದ್ದೆ."

ಬಟಾಣಿ ಬಿಡಿಸುವ ಕೈ ನಿಂತಿತು. ಒಂದು ಕೈ ಹೊಟ್ಟೆಯ ಮೇಲೆ.

"ಆ ಸೌತೆಕಾಯಿ ನಾನು ತಿಂದಿದ್ದು ಎರಡೇ ಹೋಳು," ಅಂದಳು. "ಮಿಕ್ಕಿದ್ದೆಲ್ಲ ನುಂಗಿದವಳು ನೀನು." ಎದ್ದು ಚಪ್ಪಲಿ ಹುಡುಕಿದಳು. "ಹದಿನೈದು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲ, ಅದಕ್ಕೆ ಆಮೇಲೆ ಬೈತೀನಿ. ನಡಿ, ಡಾಕ್ಟರ್ ಆರಕ್ಕೆ ಹೋಗಿಬಿಡ್ತಾರೆ."

ಇಬ್ಬರದೂ ರಕ್ತ ತೆಗೆದರು.

ಮಾರ್ಚ್ 26

ಇಬ್ಬರದೂ ಕ್ಲಿಯರ್. ಇನ್ನೂ ಬೇಗ, ಎಂಟು ವಾರದ ತನಕ ನೋಡುತ್ತಲೇ ಇರಬೇಕು ಅಂದರು ಡಾಕ್ಟರ್. ಭಾವ ಟೂರಿನಿಂದ ಬಂದು ಫ್ರಿಜ್ ಹೊರಗೆಳೆದು ಕುದಿಯುವ ನೀರು ಹಾಕಿ ತೊಳೆದರಂತೆ. ನನ್ನ ಹತ್ತಿರ ಮಾತಿಲ್ಲ.

ಏಪ್ರಿಲ್ 9

ಅಕ್ಕನದು ಮತ್ತೆ ಕ್ಲಿಯರ್. ನನಗೆ ಊಟ ಸೇರುತ್ತಿಲ್ಲ. ಎಕ್ಸಾಮ್ ಟೆನ್ಶನ್ ಇರಬೇಕು.

ಏಪ್ರಿಲ್ 11

ಟೆನ್ಶನ್ ಅಲ್ಲ. ಬೆಳಗ್ಗೆ ಮೂತ್ರ ಟೀ ಡಿಕಾಕ್ಷನ್ ಬಣ್ಣ. ಕನ್ನಡಿ ನೋಡಿಕೊಂಡೆ, ಕಣ್ಣು ಹಳದಿ. ಆಶ್ಚರ್ಯ, ಮೊದಲು ಬಂದದ್ದು ಸಮಾಧಾನ. ಅವಳಿಗೆ ಬರಬೇಕಾದದ್ದು ನನಗೆ ಬಂತು ಅಂತ. ವೈರಸ್ ಹಾಗೆ ಲೆಕ್ಕ ಇಡುವುದಿಲ್ಲ, ಗೊತ್ತು.

ಏಪ್ರಿಲ್ 15

ಪಾಸಿಟಿವ್. ರೆಸ್ಟ್ ಮಾಡು, ಅಷ್ಟೇ ಮದ್ದು ಅಂದರು. ಬೇರೆ ರೂಮು, ಬೇರೆ ಬಾತ್‌ರೂಮು. ರೂಮ್‌ಮೇಟ್ ಕಿಟಕಿಯಿಂದ ಕೂಗುತ್ತಾಳೆ: "ನಾಲ್ಕನೇ ಕೊಟ್ಟಿಗೇ, ಊಟ ಬಂತು." ನಗು ಬರುತ್ತೆ, ಸುಸ್ತೂ ಆಗುತ್ತೆ.

ಅಕ್ಕ ಬರುತ್ತೇನೆ ಅಂತ ಹಟ. ಬೇಡ ಅಂದೆ.

"ನೀನು ನನ್ನ ಮನೆಗೆ ಅದನ್ನೆಲ್ಲ ತರಬಹುದು. ನಾನು ನಿನಗೆ ಎರಡು ಹಣ್ಣು ತರಬಾರದಾ?"

ಕಿತ್ತಳೆ ಕೊಟ್ಟು ಕಳಿಸಿದ್ದು ಭಾವನ ಕೈಲಿ. ಬಾಗಿಲ ಹೊರಗಿಟ್ಟು, "ತಿನ್ನು," ಅಂದರು. ಒಂದೇ ಮಾತು. ಆದರೂ ಮಾತು.

ಮೇ 4, ಬೆಳಗ್ಗೆ 11

ಎಂಟು ವಾರ ದಾಟಿತು. ಅಕ್ಕನ ಕೊನೆಯ ರಿಪೋರ್ಟ್ ಕ್ಲಿಯರ್. ನನ್ನ ಕಣ್ಣೂ ಬಿಳಿ, ಡಾಕ್ಟರ್ ಇನ್ನು ಎಲ್ಲಿ ಬೇಕಾದರೂ ಹೋಗು ಅಂದಿದ್ದಾರೆ.

ಮೇ 9, ಬೆಳಗ್ಗೆ 8.40, ಆಸ್ಪತ್ರೆ ಬೆಂಚು

ಹೆಣ್ಣು ಮಗು. ಅಕ್ಕ ಚೆನ್ನಾಗಿದ್ದಾಳೆ. ಮೊದಲು ಗುಬ್ಬಿಯೇ ಎತ್ತಿಕೊಳ್ಳಲಿ ಅಂದಳಂತೆ. ಮೂರು ಸಲ ಕೈ ತೊಳೆದೆ, ಸೋಪಿನಲ್ಲಿ, ಮೊಣಕೈ ತನಕ. "ಚರ್ಮ ಉಳಿಸ್ಕೊಳ್ಳೇ," ಅಂದರು ಭಾವ. ಈಗ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ. ಹೋಗಬೇಕು. ಆದರೆ ಈಗ ಪೆನ್ನು ಮುಟ್ಟಿದೆನಲ್ಲ, ಇನ್ನೊಂದು ಸಲ ತೊಳೆದು