ಎಡಕ್ಕೆ ಗಮನ

ಮಾರ್ಚ್ 3, ಮಂಗಳವಾರ, ಮಧ್ಯಾಹ್ನ

ಕನ್ನಡಕದ ಅಂಗಡಿಯ ಶಟರ್ ಅರ್ಧ ಎಳೆದು ಕೂತೆ. ಊಟದ ಡಬ್ಬಿ ಹಾಗೇ ಇದೆ. ಇವತ್ತು ಆನ್‌ಲೈನ್ ಲಾರಿ ಓಟದಲ್ಲಿ ಘಾಟಿ ದಾರಿ. ಎಂಟೆದೆ ಮುಂದೆ, ನಾನು ಹಿಂದೆ — ಎಂದಿನಂತೆ. ಆಟದಲ್ಲಿ ನನ್ನ ಹೆಸರು ಬಾಲಂಗೋಚಿ. ಮಾತಾಡಲು ಮೈಕ್ ಇಲ್ಲ, ಸಿದ್ಧ ಕೂಗುಗಳ ಗುಂಡಿಗಳಷ್ಟೇ: ‘ಎಡಕ್ಕೆ ಗಮನ’, ‘ಬಲಕ್ಕೆ ಗಮನ’, ‘ನಿಧಾನ’, ‘ಶಹಬ್ಬಾಸ್’. ಅದೇ ಒಳ್ಳೆಯದಾಯಿತು. ನನ್ನ ದನಿ ಕೇಳಿದ್ದರೆ ಮೊದಲ ದಿನವೇ ಟಿವಿ ಆರಿಸಿ ಎದ್ದು ಹೋಗುತ್ತಿದ್ದರು.

ಎಂಟೆದೆ ಎಂದರೆ ಭಾವ. ಅಕ್ಕನ ಗಂಡ. ಆಟದಲ್ಲಿ ಅವರ ಹೆಸರು ಅದೆಂದು ತಿಳಿದದ್ದು ಅಕ್ಕನ ಬಾಯಿಂದಲೇ. ಹಿಂದಿನ ಲಾರಿ ನನ್ನದು ಎಂದು ಅವಳಿಗೂ ಗೊತ್ತಿಲ್ಲ.

ಆಯುಷ್ಯವೆಲ್ಲ ಟ್ಯಾಂಕರ್ ಓಡಿಸಿದವರು. ಹೋದ ವರ್ಷ ಲೈಸೆನ್ಸ್ ನವೀಕರಣಕ್ಕೆಂದು ನನ್ನ ಪರೀಕ್ಷೆಯ ಕುರ್ಚಿಯಲ್ಲಿ ಕೂತರು. ಕಣ್ಣಿನೊಳಗೆ ಒತ್ತಡ. ಎಡ ಅಂಚಿನಿಂದ ನೋಟ ಸವೆಯುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಟ್ಯಾಂಕರ್ ಹೋಯಿತು. “ಬಾಮೈದ ಅಂತ ಬಂದ್ರೆ ಪೊಲೀಸ್ನೋರ ಥರ ಬರೆದುಬಿಟ್ಟೆಯಲ್ಲೋ” — ನನ್ನೊಡನೆ ಅವರ ಕೊನೆಯ ಮಾತು. ಅಂದಿನಿಂದ ಕಣ್ಣಿಗೆ ಹನಿ ಹಾಕಿಕೊಳ್ಳುವುದಿಲ್ಲ, ಬೇರೆ ಯಾರ ಹತ್ತಿರವೂ ತೋರಿಸುವುದಿಲ್ಲ. ಹೀಗೇ ಬಿಟ್ಟರೆ ಉಳಿದ ನೋಟವೂ ಹೋಗುತ್ತದೆ. ಸಿಟ್ಟಿಗೆ ಮೂಗು ಕೊಯ್ದುಕೊಳ್ಳುವವರ ಬಗ್ಗೆ ಕೇಳಿದ್ದೆ. ಇವರು ಕಣ್ಣನ್ನೇ…

ಆದರೆ ಇವತ್ತು! ಮೂರನೇ ತಿರುವಿನಲ್ಲಿ ಹಳದಿ ಲಾರಿಯವನು ಎಡಗಡೆಯಿಂದ ನುಗ್ಗಿದ. ಕೂಗು ಒತ್ತಿದೆ. ಭಾವ ಸ್ಟೀರಿಂಗ್ ಎಳೆದ ರೀತಿ — ಆಹಾ, ಕುಂಟೆಯ ಎತ್ತು ತಿರುಗಿದ ಹಾಗೆ, ಒಂದೇ ಹೆಜ್ಜೆ. ಹಳದಿಯವನು ಬಂಡೆಗೆ. ಭಾನುವಾರದ ಅಂತಿಮ ಓಟಕ್ಕೆ ಇಬ್ಬರೂ ಆಯ್ಕೆ.

ಮಾರ್ಚ್ 5, ಗುರುವಾರ

ಅಕ್ಕ ಅಂಗಡಿಗೆ ಬಂದಿದ್ದಳು. ಕನ್ನಡಕದ ಕಾಲು ಸಡಿಲ. ಸ್ಕ್ರೂ ಬಿಗಿಮಾಡುತ್ತಾ ತಲೆ ಎತ್ತಲಿಲ್ಲ.

“ನಿಮ್ಮ ಭಾವನಿಗೆ ಒಬ್ಬ ಜೊತೆಗಾರ ಸಿಕ್ಕಿದಾನೆ ಕಣೋ. ಬಾಲಂಗೋಚಿಯಂತೆ. ಹೆಸರು ನೋಡು, ಮಾನ ಮರ್ಯಾದೆ ಇಲ್ಲದ್ದು!”

“ಹೆಸರಲ್ಲೇನಿದೆ ಬಿಡಕ್ಕ.”

“ಬೆನ್ನಿಗೆ ಬಿದ್ದ ತಮ್ಮನ ಥರ ಕಾಯ್ತಾನಂತೆ. ಕೆಲವರ ಒಡಹುಟ್ಟಿದವರಿಗಿಂತ ವಾಸಿ ಅಂತ ನನ್ನ ಮುಖ ನೋಡ್ಕೊಂಡೇ ಹೇಳ್ತಾರೆ. ಯಾರಿಗೆ ಚುಚ್ಚಿದ್ದು ಗೊತ್ತಾಯ್ತಲ್ಲ?”

“ಹನಿ?”

“ಆ ಮಾತೆತ್ತಿದ್ರೆ ಅಡುಗೆಮನೆ ಪಾತ್ರೆಗಳೂ ಹೆದರ್ತವೆ. ಟಿವಿಗೆ ಮೂಗು ತಾಗಿಸ್ಕೊಂಡು ಕೂರ್ತಾರೆ. ಮೊನ್ನೆ ಬಾಗಿಲಿಗೆ ಡಿಕ್ಕಿ ಹೊಡೆದು ಬಾಗಿಲನ್ನೇ ಬೈದ್ರು.”

ನಗಬೇಕೆನಿಸಿತು. ನಗಲಿಲ್ಲ. ಹೊಗಳಿಕೆಯನ್ನು ಬೇರೆಯವನ ಹೆಸರಿನಲ್ಲಿ ಪಡೆಯುವುದರಲ್ಲೂ ಒಂದು ಸುಖ ಇದೆ — ಬಾಡಿಗೆ ಕೋಟು ಮೈಗೆ ಸರಿಯಾಗಿ ಕೂತ ಹಾಗೆ.

ಮಾರ್ಚ್ 7, ಶನಿವಾರ

ಉಪಾಯ ಸರಳ. ಅಂತಿಮ ಓಟದಲ್ಲಿ ಜೋಡಿ ಇಲ್ಲ, ಕೂಗಿನ ಗುಂಡಿಗಳೂ ಇಲ್ಲ, ಪ್ರತಿಯೊಬ್ಬನೂ ತನಗೆ ತಾನೇ. ನಾನು ಹಿಂದೆ ನಿಂತು ಉಳಿದವರ ದಾರಿ ಕಟ್ಟುತ್ತೇನೆ. ಭಾವ ಗೆಲ್ಲುತ್ತಾರೆ. ಗೆದ್ದ ಖುಷಿಯಲ್ಲಿರುವಾಗಲೇ ಮನೆಗೆ ಹೋಗಿ, ಬಾಲಂಗೋಚಿ ನಾನೇ, ಬನ್ನಿ ಕಣ್ಣು ನೋಡೋಣ, ಎನ್ನುವುದು. ಆಗ ಬಯ್ಯಲು ಬಾಯಿ ಬರಲಿಕ್ಕಿಲ್ಲ.

ಹೆಂಡತಿ ಕೇಳಿದಳು, “ಯಾಕ್ರೀ, ಒಬ್ಬೊಬ್ರೇ ಹಲ್ಲು ಕಿಸೀತೀರಿ?” ಏನೂ ಇಲ್ಲ ಎಂದೆ. ಜಾತ್ರೆಗೆ ಕಾಯುವ ಹುಡುಗನ ಹಾಗೆ ಗಂಟೆ ಎಣಿಸುತ್ತಿದ್ದೇನೆ. ಈ ವಯಸ್ಸಿನಲ್ಲಿ!

ಮಾರ್ಚ್ 8, ಭಾನುವಾರ, ಬೆಳಿಗ್ಗೆ

ಗೆದ್ದೆ! ನಾನು ಗೆದ್ದೆ!

ಕುರ್ಚಿ ಹಿಂದಕ್ಕೆ ಬಿತ್ತು. ಲೆನ್ಸುಗಳ ಪೆಟ್ಟಿಗೆಯೂ ಬಿತ್ತು. ಕೂಗಿದ್ದು ರಸ್ತೆಗೆ ಕೇಳಿರಬೇಕು, ಯಾರೋ ಶಟರ್ ಬಡಿದರು. ಅವಸರದಲ್ಲಿ ಬರೆದದ್ದು ನನಗೇ ಓದಲಾಗುತ್ತಿಲ್ಲ. ಕೊನೆಯ ತಿರುವು. ಭಾವ ಮುಂದೆ, ಅವರ ಬೆನ್ನಿಗೆ ನಾನು, ಉಳಿದವರು ಎಲ್ಲೋ ದೂಳಿನಲ್ಲಿ. ಎಡಗಡೆ ಬಂಡೆಗೂ ಅವರ ಲಾರಿಗೂ ನಡುವೆ ಒಂದು ಸಂದು. ಮೈ ಉಜ್ಜಿಕೊಂಡು ನುಸುಳುವಷ್ಟು. ಯೋಚಿಸಲಿಲ್ಲ. ಹೆಬ್ಬೆರಳು ಒತ್ತಿತ್ತು. ಇಂಥ ಸಂತೋಷ ಎಂದಾದರೂ… ಇಲ್ಲ. ಮದುವೆಯ ದಿನವೂ ಇರಲಿಲ್ಲ.

ಪರದೆ ಕೇಳಿತು: ಈ ಓಟ ನಿಮಗೆ ಎಷ್ಟು ತೃಪ್ತಿ ತಂದಿತು? ಐದು ನಕ್ಷತ್ರ ಒತ್ತಿದೆ.

ಅದೇ ದಿನ, ಸಂಜೆ

ಓಟವನ್ನು ಮತ್ತೆ ಹಾಕಿ ನೋಡಿದೆ, ಮೆರೆಯುವುದಕ್ಕೆಂದೇ. ನಾನು ಪಕ್ಕಕ್ಕೆ ಬಂದಾಗ ಭಾವನ ಲಾರಿ ಕದಲಲೇ ಇಲ್ಲ. ಅವರಿಗೆ ಕಂಡಿದ್ದರೆ ಅರ್ಧ ಗೇಣು ಎಡಕ್ಕೆ ಎಳೆದು ದಾರಿ ಮುಚ್ಚುತ್ತಿದ್ದರು. ಬಲಗಡೆ ರಸ್ತೆ ಹಾಸಿ ಬಿದ್ದಿತ್ತು. ಅಲ್ಲಿಂದ ಹೋಗಿದ್ದರೆ ನನ್ನನ್ನು ನೋಡಿ ಅಡ್ಡಹಾಕುತ್ತಿದ್ದರು. ನಾನು ಸೋಲುತ್ತಿದ್ದೆ.

ಅವರಿಗೆ ಕಾಣದ ಜಾಗವನ್ನು ನನ್ನಷ್ಟು ಅಳತೆಯಿಟ್ಟು ಬಲ್ಲವರು ಇಲ್ಲ. ಆ ಅಳತೆ ನಾನೇ ತೆಗೆದದ್ದು.

ಮನೆಗೆ ಹೋಗಿ ಏನು ಹೇಳಲಿ ಈಗ.

ಖುಷಿ ಇನ್ನೂ ಇಳಿದಿಲ್ಲ. ಅದೇ ವಿಚಿತ್ರ. ಅದೂ ಈ ಅಳುಕೂ ಒಟ್ಟಿಗೇ ಇವೆ, ಒಂದೇ ಬಾಡಿಗೆ ಮನೆಯಲ್ಲಿ ಮುಖ ನೋಡದ ಇಬ್ಬರ ಹಾಗೆ.

ಮಾರ್ಚ್ 14, ಶನಿವಾರ, ಬೆಳಿಗ್ಗೆ

ಇಡೀ ವಾರ ಎಂಟೆದೆ ಆಟಕ್ಕೆ ಬರಲಿಲ್ಲ. ನಾನೂ ದಾರಿಗಿಳಿಯಲಿಲ್ಲ, ಆಟದ ಹೊಸ್ತಿಲಲ್ಲಿ ಇಣುಕಿ ಬಂದೆ ಅಷ್ಟೇ. ಇದೀಗ ಅಕ್ಕನ ಫೋನ್. ಪಿಸುಮಾತು, ಆದರೆ ಬಿಸಿ.

“ಏನೋ ಮಾಡಿಟ್ಟಿದೀಯ ನೀನು? ವಾರದಿಂದ ಹಳೇ ಓಟಗಳನ್ನೆಲ್ಲ ಹಾಕ್ಕೊಂಡು ನೋಡ್ತಿದ್ರು. ಈಗ ನನ್ನ ಕೂರಿಸ್ಕೊಂಡು ಕೇಳ್ತಾರೆ — ‘ಮೊದಲ ದಿನದಿಂದ ಇವನು ಎಡಕ್ಕೆ ಎಡಕ್ಕೆ ಅಂತಲೇ ಕೂಗಿದಾನೆ. ಒಂದು ಸಲವಾದ್ರೂ ಬಲಕ್ಕೆ ಅಂದಿದಾನೇನೇ? ನನಗೆ ಎಡಗಡೆ ಕತ್ತಲೆ ಅಂತ ಗೊತ್ತಿರೋದು ಇಬ್ಬರಿಗೆ. ಒಬ್ಬಳು ಟೀ ಕೊಡ್ತಾಳೆ. ಇನ್ನೊಬ್ಬ ಲೈಸೆನ್ಸ್ ಕಿತ್ಕೊಂಡ.’”

“ಆಮೇಲೆ?”

“ನಕ್ಕರು ಕಣೋ! ನಗ್ತಾನೇ ಬಾಯಿಗೆ ಬಂದ ಹಾಗೆ ಬೈದು ಚಪ್ಪಲಿ ಮೆಟ್ಕೊಂಡು ಹೊರಟ್ರು. ನಿನ್ನ ಕಡೆಗೇ. ಅಂಗಡೀಲಿ ಇರು, ಓಡಬೇಡ.”

ಬಲಕ್ಕೆ ಒಮ್ಮೆಯೂ ಕೂಗಲಿಲ್ಲವೇ? ಇಲ್ಲ. ಅಗತ್ಯವೇ ಇರಲಿಲ್ಲ. ಕಸುಬು ಬಿಡುವುದಿಲ್ಲ ಯಾರನ್ನೂ.

ಅದೇ ದಿನ, ಹನ್ನೊಂದು ದಾಟಿದೆ

ಬಂದರು. ಶಟರಿಗೆ ತಲೆ ತಾಗಿಸಿಕೊಂಡರು, ಶಟರನ್ನು ಬೈದರು, ಆಮೇಲೆ ನನ್ನನ್ನು.

“ಲೋ ಬಾಲಂಗೋಚಿ! ಬಲಗಡೆ ಮೆರವಣಿಗೆ ಹೋಗೋಷ್ಟು ಜಾಗ ಇತ್ತಲ್ಲೋ. ನಿನಗೇ ಕಣ್ಣು ಕಾಣಲ್ವಾ?”

“ತಪ್ಪಾಯ್ತು ಭಾವ.”

“ತಪ್ಪಂತೆ! ಗೆದ್ದು ತಪ್ಪಾಯ್ತು ಅನ್ನೋನನ್ನ ಇವತ್ತೇ ನೋಡಿದ್ದು. ಆ ಸಂದಿನಲ್ಲಿ ನುಸುಳೋಕೆ ನನಗೂ ಎದೆ ಬರ್ತಿರಲಿಲ್ಲ.” ಆಮೇಲೆ, ಬೇರೆ ದನಿಯಲ್ಲಿ, “ನಾಳೆ ಮತ್ತೆ ಆಡೋದಿದೆ. ನೀನು ಎಡಗಡೆಯಿಂದಲೇ ಬಾ. ಎಷ್ಟು ಹತ್ತಿರ ಬಂದ್ರೆ ನನಗೆ ಕಾಣ್ತೀಯ ಅಂತ ಗೊತ್ತಾಗ್ಬೇಕು. ಆ ಕಣ್ಣು ನೋಡೋ ಯಂತ್ರ ಹಚ್ಚು.”

ಗಲ್ಲ ಊರಿ ಕೂತಿದ್ದಾರೆ ಈಗ. ಬಲಗಣ್ಣಿಗೆ ಪಟ್ಟಿ. ಬೆಳಕಿನ ಚುಕ್ಕೆ ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ನನಗೇನೂ ಕೆಲಸವಿಲ್ಲ, ಮಾತಾಡುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಡುವಿನ ಚುಕ್ಕೆ — ಕ್ಲಿಕ್. ಬಲ — ಕ್ಲಿಕ್. ಮೇಲೆ — ಕ್ಲಿಕ್. ಎಡ ಅಂಚು — ಇಲ್ಲ. ಮತ್ತೆ ಎಡ, ಸ್ವಲ್ಪ ಒಳಗೆ — ಇಲ್ಲ. ಇನ್ನೂ ಒಳಗೆ… ಬೆರಳು ಅಲುಗಿತು, ಒತ್ತಿತು — ಕ್ಲಿಕ್.