ಅಮ್ಮ ರಸ್ತೆ ದಾಟಿದರೆ

ಅಣ್ಣ,

ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೀಯ, ಅದಕ್ಕೇ ಎಬ್ಬಿಸಲಿಲ್ಲ. ಅಮ್ಮನನ್ನು ಮಾವನ ಮನೆಗೆ ಕರೆದುಕೊಂಡು ಹೊರಟಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ. ಕುಡಿದ ಮೇಲೆ ಮುಚ್ಚಿಡು, ಬೆಕ್ಕು ಹೊಂಚು ಹಾಕುತ್ತಿದೆ.

ಇನ್ನು ಔಷಧಿಯಿಲ್ಲ ಎಂದು ಆಸ್ಪತ್ರೆಯವರು ಮಾವನನ್ನು ನಿನ್ನೆ ಮನೆಗೆ ಕಳಿಸಿದರಂತೆ. ಅಮ್ಮ ಬೆಳಗಾಗುವ ಮೊದಲೇ ಸೀರೆ ಉಟ್ಟು ಕೂತಿದ್ದಳು. ಆದರೆ ಅವಳ ಪರಿ ನಿನಗೆ ಗೊತ್ತಲ್ಲ. ಬಸ್ಸಿಳಿದು ಸ್ಟಾಪಿನಲ್ಲೇ ಕೂರುತ್ತಾಳೆ, ರಸ್ತೆಯಾಚೆಯ ಮಾವನ ಮನೆಯನ್ನು ನೋಡುತ್ತಾಳೆ, ಅದೇ ಬಸ್ಸು ತಿರುಗಿ ಬಂದಾಗ ಹತ್ತಿಬಿಡುತ್ತಾಳೆ. "ಏನಮ್ಮಾ, ತಮ್ಮ ಇವತ್ತೂ ಮನೇಲಿರಲಿಲ್ವಾ?" ಎಂದು ಕಂಡಕ್ಟರ್ ಕೂಡ ನಗುತ್ತಾನೆ.

ಅಜ್ಜಿ ತೀರಿಹೋದ ಸುದ್ದಿಯನ್ನು ಮಾವ ತಡವಾಗಿ ಹೇಳಿದ ಸಿಟ್ಟು ಅವಳಿಗೆ ಇನ್ನೂ ಆರಿಲ್ಲ.

"ಅವನೇ ಬಂದು ಕರೀಲಿ. ನಾನೇನು ಕರೀದೇ ಹೋಗೋಳಾ?" ಅಂದಳು ಈಗಲೂ.

"ಮಾವನಿಗೆ ಏಳೋಕೇ ಆಗಲ್ವಲ್ಲಮ್ಮ."

"ಹಾಗಾದ್ರೆ ಕಿಟಕಿಯಿಂದಾದ್ರೂ ಕರೀಲಿ."

ಇವತ್ತು ಆ ರಸ್ತೆ ದಾಟದಿದ್ದರೆ ಇನ್ನು ದಾಟಿ ಫಲವಿಲ್ಲ. ಗದರಿಸಿ ಎಳೆದೊಯ್ಯುವ ಬಾಯಿ ನನಗಿಲ್ಲ. ಚಿಲ್ಲರೆ ವಾಪಸ್ ಕೇಳಲೂ ತಡವರಿಸುವವಳು ನಾನು. ನೀನು ಬರಬೇಕಿತ್ತು. ನಿನ್ನೆ ಕರೆದರೆ, "ಅಕ್ಕ ತಮ್ಮಂದಿರ ಜಗಳ, ನನಗ್ಯಾಕೆ?" ಅಂದೆ. ಇರಲಿ.

ಅನ್ನಕ್ಕೆ ನೀನೇ ಇಟ್ಟುಬಿಡು, ಮೂವರಿಗೂ.

ನೀನು ಏಳುವ ಮೊದಲೇ ನಾವು ಅದೇ ಬಸ್ಸಿಗೆ ವಾಪಸ್ ಬಂದಿದ್ದರೆ, ಮಾವ ಹೇಗಿದ್ದಾನೆ ಎಂದು ಮಾತ್ರ ಕೇಳಬೇಡ. ಅಮ್ಮ "ಚೆನ್ನಾಗಿದ್ದಾನೆ" ಅನ್ನುತ್ತಾಳೆ, ಪಕ್ಕದಲ್ಲಿ ನಿಂತು ನಾನೂ ಹೂಂ ಅನ್ನಬೇಕಾಗುತ್ತದೆ.