ಸಾವಿರ ಜನರ ಒಂದೇ ನಡಿಗೆ

ಮನೆಯಿಂದ,
ಹದಿನೇಳನೇ ತಾರೀಖು, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಡಮೊಣಕಾಲಿನ ನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಅಲ್ಲೂ ಊಟ ಬಿಟ್ಟು ಜಗಳಕ್ಕೆ ಕೂರುತ್ತೀಯೋ? ಅಮ್ಮ ಚೆನ್ನಾಗಿದ್ದಾಳೆ. ನೀನು ಗುಂಪಿನ ಪಾತ್ರಕ್ಕೆಂದು ಶೂಟಿಂಗಿಗೆ ಹೋಗಿ ಮೂರು ತಿಂಗಳಾದರೂ ನಿನ್ನ ತಟ್ಟೆ ಇಡುತ್ತಾಳೆ, ಆಮೇಲೆ ನಾಲಿಗೆ ಕಚ್ಚಿಕೊಂಡು ಎತ್ತಿಡುತ್ತಾಳೆ.

ನಿನ್ನ ಸಿನಿಮಾ ನಮ್ಮ ಸೌಂಡ್ ಸ್ಟುಡಿಯೋಗೇ ಬಂದಿದೆ. ಮುಂದೆಂದೋ ನಡೆಯುವ ಕಥೆಯಂತೆ: ಉಳ್ಳವರು ಮೋಡದ ಮೇಲಿನ ಮಹಡಿಗಳಲ್ಲಿ, ಇಲ್ಲದವರು ನೆಲದಡಿಯ ಯಂತ್ರಗಳ ನಡುವೆ. ಕೆಳಗಿನ ಸಾವಿರ ಜನ ಮೆಟ್ಟಿಲು ಹತ್ತುವ ದೃಶ್ಯಕ್ಕೆ ಹೆಜ್ಜೆ ಸದ್ದು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ಬೂಟು ಹಾಕಿಕೊಂಡು, ಪರದೆ ನೋಡುತ್ತ, ಕಬ್ಬಿಣದ ತಗಡಿನ ಮೇಲೆ ನಡೆದೆ. ಮೊದಲ ಸಾಲಿನಲ್ಲೊಬ್ಬ ಎಡಗಾಲು ಎಳೆದು ಹಾಕುತ್ತಿದ್ದ. ಅಗೋ ನಮ್ಮಣ್ಣ ಎಂದು ಖುಷಿಯಾಯಿತು. ಅವನ ಹಿಂದಿನವನೂ ಎಳೆದು ಹಾಕುತ್ತಿದ್ದ. ಪಕ್ಕದ ಹೆಂಗಸೂ. ಮುಖಗಳು ಬೇರೆ ಬೇರೆ. ಸಾವಿರ ಜನರ ನಡಿಗೆ ಮಾತ್ರ ನಿನ್ನದೇ. ನಡೆಯುವುದು ನಿಲ್ಲಿಸಿ, ಇದೇನು ಎಂದು ಕೇಳಿದೆ. ಸೌಂಡ್ ಇಂಜಿನಿಯರ್ ಕಣ್ಣು ತಪ್ಪಿಸಿ, "ಇವರ್ಯಾರೂ ಮನುಷ್ಯರಲ್ಲಮ್ಮ. ಒಬ್ಬನ ಮೈ, ನಡಿಗೆ, ದನಿ ಎಲ್ಲದರ ಅಳತೆ ತಗೊಂಡು ಕಂಪ್ಯೂಟರಲ್ಲಿ ಸಾವಿರ ಮಾಡಿದ್ದಾರೆ. ಗುಂಪಿನ ಪಾತ್ರಕ್ಕೆ ಇನ್ಮೇಲೆ ಯಾರನ್ನೂ ಕರೆಯಲ್ವಂತೆ" ಎಂದರು.

ಹೋದ ವರ್ಷ "ಹೀರೋಗೆ ಕೊಡೆ, ನಮಗೆ ಬಿಸಿಲಾ?" ಎಂದು ಗುಂಪಿನ ನಾನೂರು ಜನರನ್ನು ಎರಡು ದಿನ ಕೆಲಸ ನಿಲ್ಲಿಸಿ ನೆಲದ ಮೇಲೆ ಕೂರಿಸಿದವನು ನೀನು. ಅಳತೆಗೆ ನಿನ್ನನ್ನೇ ಆರಿಸಿಕೊಂಡಿದ್ದಾರೆ ನೋಡು. ಕೊನೆಯಲ್ಲಿ ಆ ಸಾವಿರ ಜನ ಮೇಲಿನವರ ಮುಂದೆ ಒಟ್ಟಿಗೇ ಮಂಡಿಯೂರುತ್ತಾರೆ. ಆ ಸದ್ದು ನನ್ನಿಂದಾಗದು ಎಂದು ಬೂಟು ಕಳಚಿಟ್ಟೆ. ನಾಳೆಯಿಂದ ಬರಬೇಡ ಎಂದರು. ಅಮ್ಮನಿಗೆ ರಜೆ ಎಂದಿದ್ದೇನೆ, ಅವಳೇನೂ ನಂಬಿಲ್ಲ. ಗುಂಪಿನವರಿಗೆಲ್ಲ ಸುದ್ದಿ ಮುಟ್ಟಿಸಿ ಬಂದೆ. ನಾಳೆ ಬೆಳಿಗ್ಗೆ ಎಲ್ಲರೂ ಸಿನಿಮಾ ಕಂಪನಿಯ ಗೇಟಿಗೆ ಹೋಗಿ, ನೀನೆಲ್ಲಿದ್ದೀಯ ಎಂದು ಕೇಳುತ್ತೇವೆ.

ಅಮ್ಮ ನಿನ್ನ ತಲೆ ನೇವರಿಸಿದ್ದಾಳೆ ಎಂದು ಬರೆಯಲು ಹೇಳಿದಳು. ಹುಷಾರಾಗಿರು.

ನಿನ್ನ ತಂಗಿ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ನಂಬರಿನಿಂದ ಫೋನ್ ಬಂತು. ನಿನ್ನದೇ ಧ್ವನಿ. "ತಂಗೀ, ಗಲಾಟೆ ಬೇಡ. ನೀನೂ ಹೋಗಿ ಅಳತೆ ಕೊಡು" ಎಂದಿತು. ನಾನು ಹುಟ್ಟಿದಾಗಿನಿಂದ ನೀನು ನನ್ನನ್ನು "ಏಯ್ ಇಲಿ" ಎಂದಲ್ಲದೆ ಕರೆದವನಲ್ಲ. ಎಲ್ಲಿದ್ದೀಯ ಎಂದು ಕೇಳಿದೆ. ನಕ್ಕಿತು. ಮತ್ತೆ ಕೇಳಿದೆ. ಅದೇ ನಗು, ಅಷ್ಟೇ ಉದ್ದ. ಅಣ್ಣಾ, ಈ ಪತ್ರ ಕೈಸೇರಿದರೆ ಫೋನ್ ಮಾಡಬೇಡ. ನೀನೇ ಬಾ.